ಎರಡೂ ಎಡಗೈ ತೋಳು

ನಲವತ್ತೆರಡನೇ ವಯಸ್ಸಿಗೆ ಹತ್ತನೇ ತರಗತಿಯ ಗಣಿತ ಅಂದರೆ ಕಬ್ಬಿಣದ ಕಡಲೆಯೇ. ಆದರೂ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕಟಿಂಗ್ ಅಕ್ಕ ಪಟ್ಟು ಬಿಟ್ಟಿರಲಿಲ್ಲ. ಊರಿನ ಅರ್ಧ ದರ್ಜಿಗಳಿಗೆ ಕತ್ತರಿ ಹಿಡಿಯಲು ಕಲಿಸಿದವಳೇ ಅವಳು. ಆದರೆ ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸಬೇಕಾದರೆ ಹತ್ತನೇ ತರಗತಿ ಪಾಸಾಗಿರಬೇಕಂತೆ. ನಿಯಮಕ್ಕೆ ಕೈಕೆಲಸ ಎಲ್ಲಿ ಕಾಣುತ್ತದೆ! ಗಣಿತವೊಂದೇ ಬಾಕಿ, ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಕೇಂದ್ರದವರು ಈ ಸಲದ ಫಲಿತಾಂಶದ ತನಕ ಮಾತ್ರ ಕಾಯುವುದಾಗಿ ಹೇಳಿದ್ದರು.

ಮನೆಯಲ್ಲಿ ಮಗಳೇ ಮೇಷ್ಟ್ರು. "ಅಮ್ಮಾ, ಎಷ್ಟು ಸಲ ಹೇಳ್ಕೊಡ್ಲಿ? ಗಮನ ಎಲ್ಲಿದೆ?" ಎಂದು ಅವಳು ಗದರಿದರೆ, ತಾನು ಹಿಂದೆ ಬೈದದ್ದೆಲ್ಲ ಬಡ್ಡಿ ಸಮೇತ ತಿರುಗಿ ಬರುತ್ತಿದೆ ಎಂದು ಅಕ್ಕನಿಗೆ ನಗು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಂಗಡಿಯ ಯಜಮಾನರು, ಎಲ್ಲರ ಬಾಯಲ್ಲಿ ಮಾಸ್ಟರು, ಕೋಟಿನ ಬಟ್ಟೆ ತಂದು ಮೇಜಿನ ಮೇಲೆ ಹಾಕಿದರು.

"ಅರ್ಜೆಂಟು. ಇವತ್ತೇ ಆಗ್ಬೇಕಮ್ಮ."

ಅಕ್ಕ ಗಣಿತದ ಸೂತ್ರ ಗುನುಗುತ್ತಲೇ ಕತ್ತರಿಸಿದಳು. ಬಟ್ಟೆಯನ್ನು ಮುಖಕ್ಕೆ ಮುಖ, ಅಂದರೆ ಹೊರಮೈಗೆ ಹೊರಮೈ, ತಾಗಿಸಿ ಹಾಸಬೇಕಿತ್ತು. ಅವಳು ಎರಡು ಪದರಕ್ಕೂ ಮುಖ ಮೇಲೆ ಮಾಡಿಬಿಟ್ಟಿದ್ದಳು. ಬಂದದ್ದು ಎರಡೂ ಎಡಗೈ ತೋಳು. ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು ಇದು. ಉಳಿದ ಬಟ್ಟೆ ಅಂಗೈಯಗಲವೂ ಇರಲಿಲ್ಲ.

ಮಡಚಿಟ್ಟು ಸುಮ್ಮನಿರಬಹುದಿತ್ತು, ಮನಸ್ಸು ಒಪ್ಪಲಿಲ್ಲ.

"ಮಾಸ್ಟರೇ, ತಪ್ಪಾಗೋಯ್ತು. ಇದೇ ಬಟ್ಟೆ ಹುಡುಕಿ ತರ್ತೀನಿ. ಎಷ್ಟೊತ್ತಾದ್ರೂ ಮುಗಿಸೇ ಹೋಗ್ತೀನಿ."

ಮಾಸ್ಟರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂತರು.

"ಬೇಡ. ಈ ಕೋಟು ನಂದೇ, ಅರ್ಜೆಂಟೇನಿಲ್ಲ. ಹಿಂದಿನ ಎರಡು ಪರೀಕ್ಷೆಗೂ ಹೀಗೇ ಬೇಕಂತ್ಲೇ ಕೆಲಸ ಹಚ್ಚಿದ್ದೆ. ನೀನು ಪಾಸಾದ್ರೆ ಹೋಗ್ಬಿಡ್ತೀಯ. ನಿನ್ನಂಥ ಕೈ ನನಗೆಲ್ಲಿ ಸಿಗುತ್ತೆ?"

ಆ ಎರಡು ಸಲವೂ ಅಂಗಡಿ ಮುಚ್ಚುವ ತನಕ ದುಡಿದು, ಮರುದಿನ ಪ್ರಶ್ನೆಪತ್ರಿಕೆಯ ಮುಂದೆ ತೂಕಡಿಸಿ, ತನ್ನ ತಲೆಯಲ್ಲಿರುವುದು ಬರೀ ಮಣ್ಣು ಎಂದು ಅಕ್ಕ ನಂಬಿಕೊಂಡಿದ್ದಳು. ಮಗಳ ಮುಂದೆ ಕೂತು ಅತ್ತಿದ್ದಳು. ಈಗ ಮೈಯೆಲ್ಲ ಉರಿಯಿತು. ಜೊತೆಗೇ ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು, ತಪ್ಪು ತನ್ನ ತಲೆಯದ್ದಾಗಿರಲಿಲ್ಲವಲ್ಲ.

ಕತ್ತರಿಯನ್ನು ಅವರ ಮುಂದಿಟ್ಟು ಚೀಲ ಹೆಗಲಿಗೇರಿಸಿದಳು.

"ನಾಳೆ ಬರಲ್ಲ."

"ಗೊತ್ತಮ್ಮ. ನಾಡಿದ್ದು?"

"ನಾಡಿದ್ದು ನಿದ್ದೆ ಮಾಡ್ತೀನಿ."