ಮೇವು ಮುಟ್ಟದ ಮೀನುಗಳು

ಹಗರೆಯ ದ್ಯಾವಮ್ಮ, ದ್ಯಾವಯ್ಯ ದಂಪತಿಯ ಹೊಂಡದಲ್ಲಿ ಜನವರಿ ಮೊದಲ ವಾರ ಮೀನು ಸಾಯತೊಡಗಿದವು. ಫೋನ್ ಮಾಡಿದ ಮರುದಿನ, ಮೀನಿನ ರೋಗ ಪರೀಕ್ಷಿಸುವ ಇಂದು ಎಂಬಾಕೆ ಮೈಕ್ರೋಸ್ಕೋಪಿನ ಪೆಟ್ಟಿಗೆ ಹಿಡಿದು ಬಸ್ಸಿನಿಂದ ಇಳಿದಳು. ಅಷ್ಟರಲ್ಲಿ ದಂಡೆಯ ಮೇಲೆ ಮೂವತ್ತು ಕಾಟ್ಲಾ ಮೀನು ಸತ್ತು ಬಿದ್ದಿದ್ದವು. ಹೊಟ್ಟೆ ಉಬ್ಬಿ, ಹುರುಪೆ ನಿಗುರಿ, ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿತ್ತು.

ಇಂದು ಒಂದು ಮೀನಿನ ಮೂತ್ರಪಿಂಡದ ಚೂರನ್ನು ಗಾಜಿಗೆ ಸವರಿ, ಬಣ್ಣ ಹಾಕಿ ನೋಡಿದಳು. ಆಮೇಲೆ ದ್ಯಾವಮ್ಮನಿಗೂ ಜಾಗ ಬಿಟ್ಟಳು.

"ಉಂಡೆ ಕಾಣ್ತವಲ್ಲ, ಅವು ಮೀನಿನ ಬಿಳಿ ರಕ್ತಕಣ. ಒಳಗಿರೋ ಸಣ್ಣ ಕಡ್ಡಿಗಳು ರೋಗಾಣು. ಕಣ ಅವನ್ನ ನುಂಗಿದೆ."

"ನುಂಗಿದ್ಮೇಲೆ ಮುಗೀತಲ್ಲವ್ವ?"

"ಮುಗೀಬೇಕಿತ್ತು. ಇವು ಒಳಗೇ ಬೆಳೆದು ಕಣಾನೇ ಒಡೀತಿವೆ."

ಔಷಧಿಯನ್ನು ಮೇವಿಗೆ ಬೆರೆಸಬೇಕಿತ್ತು. ದ್ಯಾವಯ್ಯ ಎರಚಿದ. ಗಟ್ಟಿಯಿದ್ದ ಮೀನುಗಳು ಮೇಲೆ ಬಂದು ತಿಂದವು. ಜಡ್ಡಾದವು ಅಂಚಿನಲ್ಲೇ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದವು. ಮೇವು ಅವುಗಳ ಮುಂದೆಯೇ ಮುಳುಗಿತು. ಅವನು ಒಂದನ್ನು ಕೈಯಲ್ಲಿ ಹಿಡಿದು ಬಾಯಿಗೆ ಕಾಳು ತುರುಕಿದ. ಅದು ಹೊರಗೆ ಬಿತ್ತು. ಮತ್ತೆ ತುರುಕಿದ. ಇಂದು ಅವನನ್ನು ತಡೆಯಲಿಲ್ಲ.

"ಮೈಯೇ ಮದ್ದು ಮಾಡ್ಕಳಾಕಿಲ್ವಾ?" ಎಂದು ದ್ಯಾವಮ್ಮ ಕೇಳಿದಳು.

"ಮಾಡ್ಕೊಳ್ತದೆ. ಈ ರೋಗಾಣುವನ್ನೇ ಗುರುತು ಹಿಡಿಯೋ ಪ್ರತಿಕಾಯ ಹುಟ್ಟುತ್ತೆ. ಆದ್ರೆ ಮೀನಿನ ಮೈ ನೀರಿನಷ್ಟೇ ತಣ್ಣಗಿರತ್ತೆ ನೋಡಿ. ಈ ಚಳೀಲಿ ತಿಂಗಳ ಮೇಲಾಗತ್ತೆ."

ದ್ಯಾವಯ್ಯ ಬೋರ್‌ವೆಲ್ಲಿನ ಬೆಚ್ಚನೆಯ ನೀರು ಬಿಟ್ಟ. ಕರೆಂಟು ಇದ್ದಷ್ಟು ಹೊತ್ತೂ ಮೋಟಾರು ಓಡಿತು. ಸಂಜೆ ಥರ್ಮಾಮೀಟರ್ ಅರ್ಧ ಡಿಗ್ರಿಯೂ ಏರಿರಲಿಲ್ಲ.

"ನಾನು ಬಲೆ ಎಳ್ದಿದ್ದೆ," ಎಂದ ಅವನು, ಮೋಟಾರು ನಿಲ್ಲಿಸುತ್ತಾ. "ಎಷ್ಟು ದಪ್ಪ ಆಗವೆ ಅಂತ ಬೀಗರಿಗೆ ತೋರ್ಸಕ್ಕೆ. ಅದ್ರಿಂದ ಏನಾರ ಆಯ್ತಾ?"

ಬಲೆಯ ಉಜ್ಜಿಗೆ ಮೈಮೇಲಿನ ಲೋಳೆ ಹೋಗುತ್ತದೆ, ರೋಗಾಣುವನ್ನು ಮೊದಲು ತಡೆಯುವುದೇ ಆ ಲೋಳೆ ಎಂಬುದು ಇಂದುವಿಗೆ ಗೊತ್ತಿತ್ತು.

"ಚಳಿಗೆ ಬಂದಿದೆ, ಬಿಡಿ," ಎಂದಳು.

ಫೆಬ್ರವರಿ ಮಧ್ಯದಲ್ಲಿ ಅವಳು ಮತ್ತೆ ಬಂದಾಗ ಆರುನೂರರಲ್ಲಿ ನಲವತ್ತರಷ್ಟು ಉಳಿದಿದ್ದವು. ಒಂದರ ರಕ್ತ ತೆಗೆದು, ಅದು ಹೆಪ್ಪುಗಟ್ಟಿದಾಗ ಮೇಲೆ ನಿಂತ ತಿಳಿಯನ್ನು ರೋಗಾಣುವಿನ ಜೊತೆ ಗಾಜಿನ ಮೇಲೆ ಬೆರೆಸಿದಳು. ಸ್ವಲ್ಪ ಹೊತ್ತಿಗೆ ಕಡ್ಡಿಗಳು ಗುಂಪುಗುಂಪಾಗಿ ಅಂಟಿಕೊಂಡವು. ಪ್ರತಿಕಾಯ ಬಂದಿತ್ತು.

"ಇದರ ರಕ್ತಾನೇ ಆಗ ಬ್ಯಾರೆಯವ್ಕೆ ಕೊಡಬೋದಿತ್ತಾ?" ಎಂದಳು ದ್ಯಾವಮ್ಮ.

"ಆಗ ಇದರಲ್ಲೂ ಇರಲಿಲ್ಲ."

ದ್ಯಾವಮ್ಮ ಮೀನನ್ನು ನೀರಿಗಿಳಿಸಿದಳು. ಅದು ಅವಳ ಅಂಗೈಯಲ್ಲೇ ಒಂದು ಗಳಿಗೆ ನಿಂತು ಕೆಳಗೆ ಹೋಯಿತು. ಹೊಂಡದ ಹಾದಿಯಲ್ಲೇ ನಿಂತಿದ್ದ ದ್ಯಾವಯ್ಯ, ಈಜ್ಕಂಡು ಹೋಯ್ತಾ ಎಂದು ಕೇಳಿದ.

"ಹೋಯ್ತು," ಎಂದಳು.

ಬಲೆ ಎಳೆದಿದ್ದ ಅವನು ಹೊಂಡದ ಹತ್ತಿರ ಬರಲಿಲ್ಲ.