ಹೊರಬೀಡಿನ ದಿನ

ಊರಿನ ಬಾಯಿಗೆ ಮುಳ್ಳು ಬಿದ್ದಿತ್ತು. ಒಂದೆರಡು ಟೊಂಗೆಯಲ್ಲ, ಟ್ರ್ಯಾಕ್ಟರುಗಟ್ಟಲೆ ಬಳ್ಳಾರಿ ಜಾಲಿ ಕಡಿದು ತಂದು, ಅಗಸೆಬಾಗಿಲಿನಿಂದ ಹಾಲಿನ ಡೇರಿಯ ಗೋಡೆಯವರೆಗೆ ಅಡ್ಡಲಾಗಿ ಒಟ್ಟಿದ್ದರು. ಅದರ ಮುಂದೆ ಎರಡು ಸೂಟ್‌ಕೇಸು, ಒಂದು ಕೈಚೀಲ, ಒಬ್ಬ ಗಂಡನ ಸಮೇತ ನಿಂತಿದ್ದ ಮಂಜಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಛತ್ತೀಸಗಢದ ರಾಯಗಢದಿಂದ ರೈಲಿನ ಮೇಲೆ ರೈಲು ಬದಲಿಸಿ, ಕೊಟ್ಟೂರಿನಲ್ಲಿಳಿದು ಮುಖ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ಆಟೊ ಹಿಡಿದು ಬಂದವಳು ಅವಳು. ಆಟೊದವನು ಇವರನ್ನು ಇಳಿಸಿ, ಮುಳ್ಳು ನೋಡಿ, ತುಟಿ ಪಿಟಕ್ಕೆನ್ನದೆ ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟಿದ್ದ.

ಗಂಡ ಶಿವಯೋಗಿ ಸೂಟ್‌ಕೇಸಿನ ಮೇಲೆ ಕೂತು ಬೆವರು ಒರೆಸಿಕೊಂಡ. “ಊರು ಕರಿತೈತಿ, ಊರು ಕರಿತೈತಿ ಅಂತಿದ್ದೆಲ್ಲ ಮಂಜಿ. ಹೆಂಗ ಕರಿಯಾಕತ್ತೈತಿ ನೋಡು.”

“ಸುಮ್ನಿರ್ರಿ ನೀವು. ಇವತ್ತು ಹೊರಬೀಡು ಐತಿ.”

ಸಿರಿಗನಹಳ್ಳಿಯ ಹಿರಿಯರು ಕೆಲವು ವರ್ಷಕ್ಕೊಮ್ಮೆ ಕೂಡಿ ಒಂದು ಮಂಗಳವಾರವನ್ನು ಹೊರಬೀಡಿಗೆ ಗೊತ್ತು ಮಾಡುತ್ತಾರೆ. ಅವತ್ತು ಹೊತ್ತು ಹುಟ್ಟುವ ಮೊದಲೇ ಒಲೆ ಆರಿಸಿ, ಬಾಗಿಲಿಗೆ ಬೀಗ ಜಡಿದು, ದನ ಕುರಿ ಕೋಳಿ ಕೂಸು ಎಲ್ಲವನ್ನೂ ಕಟ್ಟಿಕೊಂಡು ಇಡೀ ಊರು ಹೊಲಕ್ಕೆ ಹೋಗಿ ಬೀಡು ಬಿಡಬೇಕು. ಹಗಲೆಲ್ಲ ಊರು ಊರಮ್ಮನೊಬ್ಬಳದೇ. ಸಂಜೆ ಪೂಜೆಯಾಗಿ ಮುಳ್ಳು ತೆಗೆದ ಮೇಲೆಯೇ ಜನ ಒಟ್ಟಾಗಿ ಒಳಗೆ ಬರುವುದು. ಮಂಜಮ್ಮ ಸಣ್ಣವಳಿದ್ದಾಗ ಇದನ್ನೆಲ್ಲ ಮಾಡಿದವಳೇ. ಆದರೆ ಅಣ್ಣನಿಗೂ ಹೇಳದೆ ಹೋಗಿ ಎಲ್ಲರನ್ನೂ ಬೆರಗು ಮಾಡುತ್ತೇನೆಂದು ಹೊರಟವಳಿಗೆ ದಿನ ಗೊತ್ತಾದ ಸುದ್ದಿ ತಿಳಿಯುವುದಾದರೂ ಹೇಗೆ? ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಗಂಡ ಹೆಂಡತಿ ಇಬ್ಬರೂ ಇದೇ ಊರಿನವರು. ಶಿವಯೋಗಿ ಹೊಸಪೇಟೆಯ ಕಡೆ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ. ಅದರ ಧಣಿ ರಾಯಗಢದಲ್ಲಿ ಇನ್ನೊಂದು ಫ್ಯಾಕ್ಟರಿ ತೆರೆದಾಗ ಕೈ ಪಳಗಿದ ನಾಲ್ಕಾರು ಜನರನ್ನು ಜೊತೆಗೆ ಒಯ್ದ. ಎರಡು ವರ್ಷದ ಮಾತು ಇಪ್ಪತ್ತು ವರ್ಷವಾಯಿತು. ಶಿವಯೋಗಿಗೆ ಅಲ್ಲಿ ಬೇರಿಳಿಯಿತು. ಅವನ ಅಪ್ಪ ಊರಿನಲ್ಲಿ ಕುರಿ ಕಾಯುತ್ತಿದ್ದವನೆಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ಅವನು ಎಲ್ಲರಿಗೂ ‘ಉಸ್ತಾದ್‌ಜಿ’. ಕುಲುಮೆ ಕೆಟ್ಟರೆ ತಪ್ಪು ಕಲ್ಲಿದ್ದಲಿನದು, ಸರಿಯಾದರೆ ಕೈಗುಣ ಉಸ್ತಾದ್‌ಜಿಯದು. ಮಗಳು ಭೂಮಿಕಾ ಅಲ್ಲೇ ಓದಿ, ಅಲ್ಲೇ ನರ್ಸ್ ಆಗಿ, ನಿದ್ದೆಯಲ್ಲಿ ಬಡಬಡಿಸಿದರೂ ಹಿಂದಿಯಲ್ಲೇ ಬಡಬಡಿಸುವಷ್ಟು ಅಲ್ಲಿಯವಳಾದಳು.

ಮಂಜಮ್ಮ ಮಾತ್ರ ಇಪ್ಪತ್ತು ವರ್ಷವೂ ಬಸ್‌ಸ್ಟ್ಯಾಂಡಿನಲ್ಲಿ ಕೂತವಳ ಹಾಗೆ ಕೂತಳು. ಒಳ್ಳೆಯ ಪಾತ್ರೆ ಕೊಳ್ಳಲಿಲ್ಲ, ಊರಿಗೆ ಹೋದ ಮೇಲೆ ಕೊಂಡರಾಯಿತೆಂದು. ಅಂಗಳದಲ್ಲಿ ನಿಂಬೆಗಿಡ ನೆಡಲಿಲ್ಲ, ಅದು ಕಾಯಿ ಬಿಡುವ ಹೊತ್ತಿಗೆ ಇಲ್ಲಿ ಯಾರಿರುತ್ತಾರೆಂದು. ಓಣಿಯ ಹೆಂಗಸರ ಮಾತನ್ನು ಬೇಕೆಂದೇ ಅರ್ಧ ಕಲಿತು ಬಿಟ್ಟಳು. ಮದುವೆಗೋ ಮಣ್ಣಿಗೋ ಊರಿಗೆ ಬಂದು ಹೋದಾಗಲೆಲ್ಲ ಹಸಿವು ಹೆಚ್ಚಾಯಿತೇ ಹೊರತು ಹೊಟ್ಟೆ ತುಂಬಲಿಲ್ಲ. ಆ ಊರಿನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆದರೆ ಅಲ್ಲಿ ಅವಳಿಗೆ ಕುಂತರೆ ನಿಲ್ಲಬೇಕು, ನಿಂತರೆ ಹೋಗಬೇಕು ಅನ್ನಿಸುತ್ತಿತ್ತು.

ಈಗ ಹಗರಿಬೊಮ್ಮನಹಳ್ಳಿಯ ಆಚೆಯ ಒಂದು ಫ್ಯಾಕ್ಟರಿಯವರು ಶಿವಯೋಗಿಯನ್ನು ಕರೆದಿದ್ದರು. ನಾಳೆಯೊಳಗೆ ಬರುತ್ತೇನೆ ಅಥವಾ ಇಲ್ಲ ಎಂದು ಹೇಳಬೇಕಿತ್ತು. ಶಿವಯೋಗಿಗೆ ಮನಸ್ಸಿರಲಿಲ್ಲ. ಹಾಗೆಂದು ಇಪ್ಪತ್ತು ವರ್ಷ ಗೋಳಾಡಿದ ಹೆಂಡತಿಗೆ ಮುಖದ ಮೇಲೆ ಹೊಡೆದಂತೆ ಒಲ್ಲೆ ಎನ್ನುವ ಎದೆಯೂ ಇರಲಿಲ್ಲ. “ದೂರದ ಬೆಟ್ಟ ನುಣ್ಣಗ ಇರತೈತಿ,” ಎಂದಿದ್ದ. “ನಡಿ, ಹತ್ರ ಹೋಗಿ ನೋಡೋಣು. ಇಬ್ರೂ ಹೂಂ ಅಂದ್ರ ಬರೋಣು. ಒಬ್ರು ಊಹೂಂ ಅಂದ್ರೂ ಮತ್ತ ಸಾಯೋತನಕ ಈ ಮಾತು ತಗಿಯಂಗಿಲ್ಲ.” ಮಂಜಮ್ಮ ಒಪ್ಪಿದ್ದಳು. ಒಪ್ಪದೆ ಏನು ಮಾಡುತ್ತಾಳೆ?

ಊರು ಹಳ್ಳದ ದಂಡೆಯ ಹುಣಸೆಮರಗಳ ಕೆಳಗೆ ಬೀಡು ಬಿಟ್ಟಿತ್ತು. ನೀಲಿ ತಾಡಪತ್ರಿಗಳ ಅಡಿಯಲ್ಲಿ ಒಂದೊಂದು ಮನೆಯ ಸಂಸಾರ. ಒಂದು ಕಡೆ ಕುರಿಗಳ ಕೂಗು, ಇನ್ನೊಂದು ಕಡೆ ಹುಡುಗರ ಸ್ಪೀಕರ್ ಪೆಟ್ಟಿಗೆಯ ಕೂಗು, ಎರಡರಲ್ಲಿ ಯಾವುದು ಯಾವುದೆಂದು ಹೇಳುವುದು ಕಷ್ಟ. ಅತ್ತಿಗೆ ಕೊಟ್ರಬಸಮ್ಮ ಇವರನ್ನು ದೂರದಿಂದಲೇ ಕಂಡು ಕೈಯ ಹಿಟ್ಟಿನಲ್ಲೇ ಓಡಿ ಬಂದಳು.

“ಅಯ್ಯ ನಮ್ಮವ್ವಾ, ಮಂಜವ್ವ! ಒಂದು ಫೋನ್ ಮಾಡಬಾರ್ದೇನ? ಬುಧವಾರ ಬರ್ರಿ ಅಂತಿದ್ವಿ. ಬರ್ರಿ ಯೋಗಣ್ಣ, ನೆರಳಿಗೆ ಕುಂದರ್ರಿ. ಇವ್ರು ಪೂಜಿ ಸಾಮಾನು ತರಾಕ ಹರಪನಹಳ್ಳಿಗೆ ಹೋಗ್ಯಾರ.”

ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಮುಂದೆ ಬಂದವು. ಒಂದು ತುತ್ತು ಬಾಯಿಗಿಟ್ಟ ಕೂಡಲೇ ಮಂಜಮ್ಮನ ಕಣ್ಣು ತುಂಬಿತು. ಅಷ್ಟರಲ್ಲಿ ಸುತ್ತ ನೆರೆದ ಹುಡುಗಿಯರಲ್ಲೊಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಕೇಳಿದ್ದು ಅವಳ ಕಿವಿಗೂ ಬಿತ್ತು.

“ಯಾರ ಈಕಿ?”

“ರಾಯಗಢದಕಿ ಅಂತ.”

ರೊಟ್ಟಿ ಗಂಟಲಲ್ಲಿ ನಿಂತಿತು. “ಒಂದು ಗಿಂಡಿ ನೀರು ಕೊಡವ್ವ,” ಎಂದಳು ಮಂಜಮ್ಮ.

“ಗಿಂಡಿ ಅಂದ್ರ?” ಹುಡುಗಿ ಕಿಸಕ್ಕೆಂದಳು. “ಬಾಟ್ಲಿ ಐತಿ ನೋಡ್ರಿ ಆಂಟಿ. ಸತ್ತ ನಮ್ಮಜ್ಜಿ ಹಂಗ ಮಾತಾಡ್ತೀರಲ್ರಿ.”

ಹುಡುಗಿಯಲ್ಲಿ ಕೆಟ್ಟತನವಿರಲಿಲ್ಲ. ಆದರೆ ಮಂಜಮ್ಮನಿಗೆ ಎದೆಯಲ್ಲಿ ಚುಳ್ ಎಂದಿತು. ಅಷ್ಟು ದೂರದಲ್ಲಿ, ಮಾತಾಡಲು ಯಾರೂ ಇಲ್ಲದ ಅಡುಗೆಮನೆಯಲ್ಲಿ, ಒಂದು ಮಾತೂ ಕಳೆಯದಂತೆ ಜೋಪಾನ ಮಾಡಿಟ್ಟುಕೊಂಡಿದ್ದಳು. ಊರೇ ಅವನ್ನು ಬಿಟ್ಟು ಮುಂದೆ ಹೋಗಿತ್ತು. ಶಿವಯೋಗಿ ತಟ್ಟೆಯಿಂದ ಮುಖವೆತ್ತಿ ಅವಳನ್ನೊಮ್ಮೆ ನೋಡಿದ. ಮತ್ತೆ ರೊಟ್ಟಿ ಮುರಿದ. ಏನಾದರೂ ಅಂದಿದ್ದರೇ ಚೆನ್ನಾಗಿತ್ತು.

ಊಟವಾದ ಮೇಲೆ ಅವನು “ಕಾಲಾಡಿಸಿ ಬರ್ತೀನಿ” ಎಂದು ಎದ್ದು ಹೋದ. ಕೊಟ್ರಬಸಮ್ಮ ಯಾರ ಮದುವೆ, ಯಾರ ಸಾವು, ಯಾರ ಬೋರಿಗೆ ನೀರು ಬಿತ್ತು ಎಂದು ಹೇಳುತ್ತಲೇ ಇದ್ದಳು. ಮಂಜಮ್ಮ ಹೂಂಗುಟ್ಟುತ್ತಿದ್ದಳು, ಕಿವಿ ಅಲ್ಲಿರಲಿಲ್ಲ. ಕಣ್ಣು ಹುಣಸೆಮರಗಳ ಸಂದಿಯಿಂದ ಊರಿನ ಮಾಳಿಗೆಗಳ ಮೇಲೆಯೇ ಇತ್ತು. ಇಷ್ಟು ದೂರ ಬಂದು, ಇಷ್ಟು ಹತ್ತಿರದಲ್ಲಿ ಕೂತು, ನೋಡಬಾರದು ಎಂದರೆ ಹೇಗೆ? ಮದುವೆಯಾಗಿ ಗಂಡನ ಜೊತೆ ಐದು ವರ್ಷ ಬಾಳಿದ ಮನೆ ಅಲ್ಲೇ ಬೀಗ ಹಾಕಿಕೊಂಡು ನಿಂತಿತ್ತು. ಅದನ್ನೊಂದು ಸಲ ಕಂಡರೆ ಈ ಹುಡುಗಿಯ ನಗು, ಈ ಹಾಳು ಸ್ಪೀಕರು, ಎಲ್ಲ ಮರೆತು ಗಟ್ಟಿಯಾಗಿ ಹೂಂ ಎನ್ನಬಹುದಿತ್ತು. ಕಾಣದಿದ್ದರೆ ನಾಳೆ ತನ್ನ ಬಾಯಿಂದಲೇ ಊಹೂಂ ಬಂದೀತೆಂದು ಅವಳಿಗೆ ಹೆದರಿಕೆ ಹತ್ತಿತು.

“ಕುಂದ್ರ ಮಂಜವ್ವ, ಕಾಲಾಗ ಇರುವಿ ಬಿಟ್ಟಂಗ ಮಾಡ್ತಿ,” ಎಂದಳು ಅತ್ತಿಗೆ.

“ಬಂದೆ ಅತ್ತಿಗಿ, ಇಲ್ಲೇ,” ಎಂದು ಮಂಜಮ್ಮ ಚಪ್ಪಲಿ ಮೆಟ್ಟಿದಳು.

ಕೆರೆ ಏರಿಯ ಹಿಂದಿನ ಕಾಲುದಾರಿ ಅವಳಿಗೆ ಕಣ್ಣು ಕಟ್ಟಿಬಿಟ್ಟರೂ ಗೊತ್ತು. ಅದು ನೇರವಾಗಿ ಅವರ ಓಣಿಗೆ ಇಳಿಯುತ್ತದೆ. ಆದರೆ ಅಲ್ಲಿಯೂ ಮುಳ್ಳು ಹಚ್ಚಿತ್ತು. ಮುಳ್ಳಿನ ಪಕ್ಕ ಒಬ್ಬ ಗಂಡಸು ಕೋಲು ಹಿಡಿದು, ಟವೆಲ್ ತಲೆಗೆ ಸುತ್ತಿ ಕಲ್ಲಿನ ಮೇಲೆ ಕೂತಿದ್ದ. ಮೂವತ್ತರ ಆಸುಪಾಸು. ಅವಳು ಕಂಡ ಮುಖವಲ್ಲ.

“ನಿಂದರ್ರಿ ಯಕ್ಕ. ಯಾವೂರ್ರಿ ನಿಮ್ದು?”

“ರಾಯಗಢ,” ಎಂದುಬಿಟ್ಟಳು ಮಂಜಮ್ಮ.

ಅಂದ ಮೇಲೆ ತನ್ನ ಬಾಯನ್ನು ತಾನೇ ನಂಬದೆ ನಿಂತಳು. ರಾಯಗಢದಲ್ಲಿ ಯಾರು ಕೇಳಿದರೂ, ತರಕಾರಿಯವನು ಕೇಳಿದರೂ, ‘ಕರ್ನಾಟಕ’ ಎನ್ನುತ್ತಿದ್ದ ನಾಲಿಗೆ ಇದೇ. ಊರಿನ ಏರಿಯ ಮೇಲೆ ನಿಂತಾಗ ರಾಯಗಢ ಎಂದಿತು.

“ಹಂಗಾರ ಹೋಗ್ರಿ, ಅಡ್ಡಿಯಿಲ್ಲ,” ಎಂದ ಅವನು. ಎದ್ದು ಕೋಲಿನಿಂದ ಒಂದು ಟೊಂಗೆಯನ್ನು ಬದಿಗೆ ಸರಿಸಿದ. “ಹೊರಬೀಡು ಊರಿನವ್ರಿಗೆ ಅಷ್ಟ. ಊರಮ್ಮ ತನ್ನ ಮಕ್ಕಳನ್ನ ಎಣಿಸ್ತಾಳ, ಪರಸ್ಥಳದವ್ರನ್ನ ಎಣಿಸಂಗಿಲ್ಲ. ಆಗಲೇ ಒಬ್ರು ಹೋದ್ರು ನೋಡ್ರಿ. ಅವ್ರೂ ರಾಯಗಢದವ್ರು ಅಂದ್ರು.”

ದಾರಿ ತೆರೆದಿತ್ತು. ಓಣಿ ಕಾಣುತ್ತಿತ್ತು. ತಿರುವಿನಲ್ಲಿ ಮನೆಯ ಹೊರಗೋಡೆ, ಅದರ ಮೇಲೆ ತಾನೇ ಬಳಿದಿದ್ದ ಸುಣ್ಣ ಉದುರಿ ಉಳಿದ ಚೂರು. ಏನೂ ಮಾಡಬೇಕಾಗಿರಲಿಲ್ಲ, ಬಾಯಿ ಮುಚ್ಚಿಕೊಂಡು ಹೆಜ್ಜೆಯಿಟ್ಟರೆ ಸಾಕಿತ್ತು. ಒಂದು ಕಾಲು ಎತ್ತಿದಳು ಕೂಡ. ಎತ್ತಿದ ಕಾಲು ಹಾಗೇ ನಿಂತಿತು. ಪರಸ್ಥಳದವಳಾಗಿ ಒಳಗೆ ಹೋಗಿ ಆ ಗೋಡೆ ಮುಟ್ಟುವುದಕ್ಕಿಂತ ರಾಯಗಢದಲ್ಲಿ ಕೂತು ಅಳುವುದೇ ಮೇಲು ಅನ್ನಿಸಿತು ಅವಳಿಗೆ. ಕಾಲನ್ನು ಹಿಂದಕ್ಕೆ ಇಟ್ಟಳು.

“ಮುಳ್ಳು ಮುಚ್ಚು ತಮ್ಮಾ. ನಾನು ಊರಾಕಿ.”

“ಮತ್ತ ರಾಯಗಢ ಅಂದ್ರಿ?”

“ಬಾಯಿ ತಪ್ಪಿ ಬಂತು.”

“ಯಾರ ಮಗಳ್ರಿ?”

“ಕೆರಿ ಓಣಿ ಗುರುಸಂಗಪ್ಪನ ಮಗಳು. ನಾಗೇಂದ್ರಪ್ಪನ ತಂಗಿ.”

“ನಾಗೇಂದ್ರಪ್ಪ ಮಾವನ ತಂಗಿ ಏನ!” ಅವನು ಟೊಂಗೆಯನ್ನು ಮತ್ತೆ ಅಡ್ಡಕ್ಕೆಳೆದ, ದನಿಯೇ ಬದಲಾಯಿತು. “ಹಿಂದಕ್ಕ ಸರಿಯಕ್ಕ ಮತ್ತ! ನಿನಗ ತಿಳಿಯಂಗಿಲ್ಲೇನ? ಒಂದು ಹೆಜ್ಜಿ ಇಟ್ಟಿದ್ರ ಊರಿಗೇ ಕಂಟಕ ತರತಿದ್ದಿ. ಸಂಜಿತನಕ ಈ ಕಡಿ ಸುಳಿಬ್ಯಾಡ. ನಾ ಹೊಳಲಿನಾವ, ಹುಲುಗಪ್ಪ ಅಂತ, ಇಲ್ಲಿ ಮನಿ ಅಳಿಯ. ನಾನಾ ಬಿಸಲಾಗ ಕುಂತೀನಿ, ನಿನಗೇನಾಗೈತಿ?”

‘ರಿ’ ಹೋಗಿ ಬೈಗುಳ ಬಂದಿತ್ತು. ಮಂಜಮ್ಮನಿಗೆ ಬೆಳಗಿನಿಂದ ಕೇಳಿದ ಮಾತುಗಳಲ್ಲಿ ಇಷ್ಟು ಹಿತವಾದದ್ದು ಇನ್ನೊಂದಿರಲಿಲ್ಲ. ಇನ್ನೂ ನಾಲ್ಕು ಬೈಯಲಿ ಎಂದು ನಿಂತೇ ಇದ್ದಳು.

ಅಷ್ಟರಲ್ಲಿ ಓಣಿಯ ಒಳಗಿಂದ ಶಿವಯೋಗಿ ಬಂದ. ಅಂಗಿಯ ತುಂಬ ಜೇಡರಬಲೆ, ಕೈಯಲ್ಲಿ ಬೀಗದ ಕೈ.

“ಮಂಜಿ! ಬಾ, ಬಾ, ಏನಾಗಂಗಿಲ್ಲ. ಬಾಗಲಾ ತಗ್ದೀನಿ. ನೀನ ನೋಡು ಬಾ, ತೊಲಿ ಎಲ್ಲಾ ಗೆದ್ದಲು ತಿಂದೈತಿ. ಇದ್ರ ಸಲುವಾಗಿ ಇಷ್ಟು ವರ್ಷ ಜೀವ ತಿಂದಿ ನೋಡು ನನ್ನ.”

“ನೀವು ಹೆಂಗ ಒಳಗ ಹೋದ್ರಿ?”

“ರಾಯಗಢದವ್ರು ಅಂದೆ, ಬಿಟ್ಟ. ಸುಳ್ಳೇನಲ್ಲಲ್ಲ?”

“ಸುಳ್ಳು ಹೌದೋ ಅಲ್ಲೋ ನಿಮಗ ಗೊತ್ತು,” ಎಂದಳು ಮಂಜಮ್ಮ. “ನಾ ಮಾತ್ರ ಸಂಜಿಗೆ ಮಂದಿ ಕೂಡ ಬರ್ತೀನಿ. ತೊಲಿ ಬಿದ್ರೂ ಬರ್ತೀನಿ.”

ಹುಲುಗಪ್ಪ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದ. “ನಿಮ್ಮ ಮನೆಯವ್ರೇನ ಯಕ್ಕ? ಯಜಮಾನ್ರ, ನೀವೂ ಈ ಊರಾವ್ರೇನ್ರಿ?”

ಶಿವಯೋಗಿ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತ.

“ಯಾಕ ಕೇಳ್ತೀನಂದ್ರ,” ಹುಲುಗಪ್ಪ ತಲೆ ಕೆರೆದುಕೊಂಡ, “ಪರಸ್ಥಳದವ್ರಾದ್ರ ಏನೂ ಇಲ್ಲ, ಆರಾಮ ಒಳಗ ಕುಂದರ್ರಿ. ಊರಾವ್ರಾದ್ರ ತಪ್ಪಾಗೈತಿ. ಸಂಜಿಗೆ ಎಲ್ಲಾರ ಮುಂದ ಊರಮ್ಮಗ ಅಡ್ಡಬಿದ್ದು, ತಪ್ಪಾತು ಅನ್ನಬೇಕಾಕೈತಿ. ಯಾವುದಂತ ನೀವ ಹೇಳ್ರಿ.”

ಇವರೂ ಊರಿನವರೇ ಎಂಬ ಮಾತು ಮಂಜಮ್ಮನ ತುಟಿಯವರೆಗೂ ಬಂತು. ಕಚ್ಚಿ ಹಿಡಿದಳು. ತಾನು ಎಳೆದುಕೊಂಡು ಬಂದ ಗಂಡ ನಾಲ್ಕು ದಿನಕ್ಕೆ ಎದ್ದು ಹೋಗುತ್ತಾನೆ. ಅವನು ಊಹೂಂ ಎಂದರೆ ಊಹೂಂ, ತಾನು ಕೊಟ್ಟ ಮಾತು ಅದು. ಊರ ತುಂಬ ಜನರ ಮುಂದೆ, ಗಿಂಡಿ ಎಂದರೆ ನಗುವ ಹುಡುಗಿಯರ ಮುಂದೆ, ಉಸ್ತಾದ್‌ಜಿ ಮಣ್ಣಿಗೆ ಹಣೆ ಹಚ್ಚುವುದುಂಟೇ? ಒಳಗೆ ನೆರಳಿತ್ತು. ಪರಸ್ಥಳದವನು ಎಂದು ಅವನು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅವಳು ಅವನ ಮುಖ ನೋಡಲಾರದೆ ಕೆರೆಯ ಕಡೆ ತಿರುಗಿದಳು.

ಮುಳ್ಳಿನ ಸರಪರ ಸದ್ದಾಯಿತು. ತಿರುಗಿ ನೋಡಿದರೆ ಶಿವಯೋಗಿ ಪ್ಯಾಂಟನ್ನು ಮೊಣಕಾಲಿಗೆತ್ತಿ ಮುಳ್ಳಿನ ನಡುವೆ ಕಾಲಿಡುತ್ತಿದ್ದ. ಒಂದು ಟೊಂಗೆ ಅಂಗಿ ಹಿಡಿದು ಎಳೆಯಿತು. ಬಿಡಿಸಿಕೊಂಡು, ಬೈದುಕೊಂಡು, ಹೊರಗೆ ಬಂದು ಅವಳ ಪಕ್ಕದಲ್ಲಿ ನಿಂತ. ಕಾಲಿನ ಮೀನಖಂಡದಿಂದ ರಕ್ತ ಇಳಿಯುತ್ತಿತ್ತು.

“ತಪ್ಪಾಗೈತಿ,” ಎಂದ.

“ನನಗಲ್ರಿ ಹೇಳೋದು, ಸಂಜಿಗೆ,” ಎಂದ ಹುಲುಗಪ್ಪ.

“ಸಂಜಿಗೂ ಹೇಳ್ತೀನಿ.”

“ಹಿರ್ಯಾರಿಗೆ ಯಾರ ಮಗ ಅಂತ ಹೇಳ್ಲಿ?”

ಶಿವಯೋಗಿ ಅಂಗಿಯ ಜೇಡರಬಲೆ ಕೊಡವಿಕೊಂಡ.

“ಕುರಿ ಅಜ್ಜಯ್ಯನ ಮಗ,” ಎಂದ ಅವನು. ಆ ಮಾತನ್ನು ಗಂಡನ ಬಾಯಿಂದ ಅವಳು ರಾಯಗಢದಲ್ಲಿ ಒಂದು ದಿನವೂ ಕೇಳಿರಲಿಲ್ಲ.