ಝಟಕಾ ಬೇಲಿ ಮತ್ತು ಎಳ್ಳಮಾವಾಸ್ಯೆಯ ಚರಗ

ಗುಂಜೋಟಿಯ ವೈಜನಾಥನ ಕಡಲೆ ಹೊಲಕ್ಕೆ ಕಾಡುಹಂದಿಗಳು ಮತ್ತೆ ನುಗ್ಗಿದ್ದವು. ಸುತ್ತ ತಂತಿ ಬೇಲಿ ಇದೆ, ಬೇಲಿಗೆ ಶಾಕ್ ಹೊಡೆಯುವ ಬ್ಯಾಟರಿಯ ಝಟಕಾ ಮಷೀನೂ ಇದೆ. ಆದರೂ ಸಾಲುಗಳು ನೇಗಿಲು ಹೊಡೆದ ಹಾಗೆ ಬುಡಮೇಲಾಗಿದ್ದವು. ವೈಜನಾಥನ ಸಿಟ್ಟು ನೆತ್ತಿಗೇರಿತು. ಪಂಪ್‌ಸೆಟ್ಟಿನ ಕರೆಂಟನ್ನೇ ಸೀದಾ ಬೇಲಿಗೆ ಕೊಡುವುದೆಂದು ವೈರು ಎಳೆಯತೊಡಗಿದ.

ಮರುದಿನ ಎಳ್ಳಮಾವಾಸ್ಯೆ, ಹೊಲದ ಸುತ್ತ ಚರಗದ ಎಡೆ ಚೆಲ್ಲುವ ಹಬ್ಬ. ಹಬ್ಬಕ್ಕೆಂದು ಯೆಣೆಗೂರಿನಿಂದ ಬಂದಿದ್ದ ಹೆಂಡತಿಯ ತಂಗಿ ಜಗದೇವಿ ಇದನ್ನು ಕಂಡಳು. ಗಂಡನ ಜೊತೆ ಇಂಥ ಮಷೀನುಗಳನ್ನೇ ಮಾರಿ, ರಿಪೇರಿ ಮಾಡುವವಳು ಆಕೆ.

"ಮಾಮಾ, ಮಷೀನ್ ಏನ್ ತಪ್ಪ ಮಾಡ್ಯದರೀ?"

"ಅದಕ್ಕ ದಮ್ಮೇ ಇಲ್ಲ. ಗುಂಡಿ ತಿರುವಿ ಟಕಟಕ ಲಗೂ ಲಗೂ ಹೊಡ್ಯಂಗ ಮಾಡೀನಿ. ಆದ್ರೂ ಹಂದಿ ಹೆದರವಲ್ಲವು."

ಜಗದೇವಿ ನಕ್ಕಳು. "ನಳದ ಕೆಳಗಿನ ಕೊಡ ತುಂಬೂ ಮೊದಲೇ ಸುರುವಿದ್ರ ಎಷ್ಟ ನೀರ ಬೀಳ್ತದರೀ? ಇದೂ ಹಂಗೇ. ಒಳಗ ಕರೆಂಟ ಪೂರಾ ತುಂಬಬೇಕು. ಆಮ್ಯಾಲೇ ಟ್ರಾನ್ಸ್‌ಫಾರ್ಮರ್ ಅದನ್ನ ಸಾವಿರಗಟ್ಟಲೆ ವೋಲ್ಟ್ ಮಾಡಿ ಬೇಲಿಗಿ ಹೊಡೀತದ. ಗಡಬಡ ಮಾಡಿದ್ರಿ, ಪೆಟ್ಟು ಸಪ್ಪಗಾತು."

"ಅದಕ್ಕೇ ಪಂಪಿನ ಲೈಟಿನ ಕರೆಂಟ ಕೊಡ್ತೀನಿ. ಅದರ ವೋಲ್ಟ್ ಕಮ್ಮೀನೇ ಅದಲ್ಲ, ಏನಾಗ್ತದ?"

"ಬರೇ ವೋಲ್ಟ್ ನೋಡಬ್ಯಾಡ್ರಿ. ಮಷೀನಿನ ಪೆಟ್ಟು ಕಣ್ಣ ಮಿಟುಕಿಸೂದ್ರಾಗ ಮುಗೀತದ, ನಡುವ ಬಿಡುವು ಇರ್ತದ, ಮುಟ್ಟಿದಾವ ಕೈ ತಕ್ಕೋತಾನ. ಲೈಟಿನ ಕರೆಂಟ ಸೆಕೆಂಡಿಗಿ ಐವತ್ತ ಸಲ ಹಿಂದ ಮುಂದ ಓಡ್ತದ, ಬಿಡುವೇ ಇಲ್ಲ. ಹಿಡದ ಕೈ ಬಿಡಸ್ಲಾಕ ಆಗಂಗಿಲ್ಲ. ಜೀವಾನೇ ಹೋಗ್ತದ."

"ಹೋದ್ರ ಹಂದೀದು ಹೋಗ್ತದ."

ಜಗದೇವಿ ಹೊಲದ ಮನೆಯ ಒಲೆಯ ಕಡೆ ನೋಡಿದಳು. ಅಲ್ಲಿ ಅಕ್ಕ ಉಮಾಬಾಯಿ ಗುನುಗುತ್ತ ಅಂಬಲಿ ಕಾಸುತ್ತಿದ್ದಳು. "ನಾಳಿಗಿ ಚರಗಾ ಚೆಲ್ಲಲಾಕ ಬೇಲಿಗುಂಟ ನಡ್ಯೋರು ಯಾರ್ರೀ?"

ವೈಜನಾಥನೂ ಒಲೆಯ ಕಡೆ ತಿರುಗಿದ. ವರ್ಷವೂ ಬರಿಗಾಲಲ್ಲಿ, ಒದ್ದೆ ಕೈಯಲ್ಲಿ ಅಂಬಲಿ ಚೆಲ್ಲುತ್ತ ಹೊಲ ಸುತ್ತುವವಳು ಉಮಾಬಾಯಿಯೇ. ಅವಳಿಲ್ಲದ ಮನೆ ಅವನ ಕಣ್ಣ ಮುಂದೆ ಬಂತು. ಮೇನ್ ಆಫ್ ಮಾಡಿ ವೈರು ಸುತ್ತಿಟ್ಟ. ಜಗದೇವಿ ಗುಂಡಿಯನ್ನು ಮೊದಲಿನ ನಿಧಾನಕ್ಕೇ ತಂದಳು.

ಮರುದಿನ ಮಷೀನು ಆಫ್ ಮಾಡಿದ ಮೇಲೂ ವೈಜನಾಥ ಹೆಂಡತಿಯ ಮುಂದೆ ಮುಂದೆ ತಾನೇ ತಂತಿ ಮುಟ್ಟಿ ನೋಡುತ್ತ ನಡೆದ.

"ಇವತ್ತೇನ್ರೀ ಇಷ್ಟ ಕಾಳಜಿ?" ಎಂದಳು ಉಮಾಬಾಯಿ.

"ಸುಮ್ಮ ನಡಿ, ಅಂಬಲಿ ಆರ್ತದ."

ಅಂದಿನಿಂದ ಹಂದಿಗಳು ತಂತಿಗೆ ಮೂತಿ ತಾಗಿಸಿ, ಚೀರಿ ಓಡುತ್ತಿವೆ.

ರೈತ ಬಾಂಧವರೇ, ಝಟಕಾ ಮಷೀನಿನ ವೇಗ ಹೆಚ್ಚಿಸಬೇಡಿ. ಬೇಲಿಗೆ ಸೀದಾ ಲೈಟಿನ ಕರೆಂಟು ಎಂದೂ ಕೊಡಬೇಡಿ, ಅದು ಅಪರಾಧವೂ ಹೌದು. ವೈರಿಗೆ ಕೈ ಹಾಕುವ ಮೊದಲು, ನಾಳೆ ನಿಮ್ಮ ಒಡ್ಡಿನ ಮೇಲೆ ನಡೆಯುವವರ ಮುಖ ಒಮ್ಮೆ ನೆನೆಯಿರಿ.